ನಲವತ್ತನೆಯ ಪುಟದ ಆಟಗಾರ

ನಾನು ಶಾಲೆ ಬಿಟ್ಟದ್ದು ೧೯೭೪ರಲ್ಲಿ, ಏಳನೆಯ ಇಯತ್ತೆಯ ನಡುವೆ. ಅದಕ್ಕೆ ನಾಚಿಕೊಂಡವನಲ್ಲ. ಓರಗೆಯವರು ಪದ್ಯ ಬಾಯಿಪಾಠ ಮಾಡುವ ಹೊತ್ತಿಗೆ ನಾನು ಇಲಕಲ್ಲಿನ ನಮ್ಮ ಮನೆಯ ಮಗ್ಗದಲ್ಲಿ ಕೂತು, ಸೀರೆಗೆ ಸೆರಗು ಕೂಡಿಸುವ ಕೊಂಡಿ ಹಾಕಲು ಕಲಿತಿದ್ದೆ. ಶಾಲೆಯಿಂದ ನನಗೆ ಉಳಿದದ್ದು ಒಂದೇ ಪುಸ್ತಕ. ಅದೂ ಕ್ರಿಕೆಟ್ ಆಡುವುದಕ್ಕೆ.

ಆಟ ಸರಳ. ಮುಚ್ಚಿದ ಪುಸ್ತಕವನ್ನು ನೋಡದೆ ತೆರೆಯಬೇಕು. ಎಡಪುಟದ ಸಂಖ್ಯೆಯ ಕೊನೆಯ ಅಂಕಿಯೇ ಓಟ. ಸೊನ್ನೆ ಬಂದರೆ ಔಟು. ಪಕ್ಕದ ಮನೆಯ ನೇಕಾರ ಸಂಗಪ್ಪನೂ ನಾನೂ ಮಧ್ಯಾಹ್ನ ಉಂಡಮೇಲೆ ನಮ್ಮ ನಮ್ಮ ಪುಸ್ತಕ ಹಿಡಿದು ಕೂಡುತ್ತಿದ್ದೆವು. ಇಬ್ಬರಿಗೂ ಕಾಗದದ ಮೇಲೊಂದು ತಂಡ, ಅದರಲ್ಲೊಬ್ಬ ಎಳೆಯ ಹೊಸಬ. ಹಳಬರಿಗೆ ಮೊದಲೇ ಎರಡೆರಡು ಔಟು ಮಾಫಿ, ಅವರು ಹೇಗೋ ದೂಡುತ್ತಿದ್ದರು. ಹೊಸಬ ಮಾತ್ರ ಒಂದೇ ಆಟದಲ್ಲಿ ಮೂವತ್ತು ಓಟ ಹೊಡೆದು ಒಂದೊಂದೇ ಮಾಫಿ ಗಳಿಸಿ ಬೆಳೆಯಬೇಕು. ಹತ್ತು ಆಟದೊಳಗೆ ಮೂವತ್ತು ಮುಟ್ಟದಿದ್ದರೆ ಹೆಸರಿಗೆ ಗೀಟು.

ಸಂಗಪ್ಪನ ಹೊಸಬ ಮೂರು ಮಾಫಿ ಗಳಿಸಿ ಮೆರೆಯುತ್ತಿದ್ದ. ನನ್ನ ಹೊಸಬ ಈರಣ್ಣ ಎಂಟು ಆಟವಾದರೂ ಹತ್ತು ದಾಟಲಿಲ್ಲ. ಅವನನ್ನು ಮೊದಲು ಕಳಿಸಿದೆ, ಕೊನೆಗೆ ಕಳಿಸಿದೆ, ಒಂದು ವಾರ ವಿಶ್ರಾಂತಿ ಕೊಟ್ಟೆ. ಕಾಗದದ ಮನುಷ್ಯನಿಗೆ ವಿಶ್ರಾಂತಿ ಕೊಟ್ಟು ನಾನು ದಿನಕ್ಕೆ ಹತ್ತು ತಾಸು ನೇಯುತ್ತಿದ್ದೆ.

"ಬಿಡಲೇ, ಅವ ಬೆಳ್ಯಾಂವಲ್ಲ," ಅಂದ ಸಂಗಪ್ಪ.

"ಇನ್ನೂ ಎರಡು ಆಟ ಅದಾವ. ನೀ ಸುಮ್ಮನಿರು."

ಒಂಬತ್ತನೆಯ ಆಟದಲ್ಲಿ ಈರಣ್ಣ ಮೊದಲ ಚೆಂಡಿಗೇ ಔಟು. ಸಿಟ್ಟಿನಿಂದ ಪುಸ್ತಕ ಒಗೆದೆ. ಅದು ನೂಲು ಸುತ್ತುತ್ತಿದ್ದ ಅವ್ವನ ಮುಂದೆ ಬಿತ್ತು. ಅವ್ವ ಎತ್ತಿ ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿ ತೆರೆದಳು.

"ಹ್ಯಾಂಗ ತಗದ್ರೂ ಇಲ್ಲೇ ತಗೀತೈತಲ್ಲೋ. ಸಾಲಿ ಬಿಟ್ಟ ದಿನ ಗುರುತಿಗಂತ ನೀನ ಇಲ್ಲಿ ನೂಲಿನ ಉಂಡಿ ಇಟ್ಟಿದ್ದಿ. ವರ್ಷಗಟ್ಟಲೆ ಇದ್ದು ಬೆನ್ನು ಮುರದೈತಿ."

ನೋಡಿದೆ. ಪುಟ ನಲವತ್ತು.

ಸಂಗಪ್ಪ ನಕ್ಕು ನಕ್ಕು ಸುಸ್ತಾದ. "ನಿನ್ನ ಈರಣ್ಣನೂ ಅಲ್ಲೇ ಸಾಲಿ ಬಿಟ್ಟಾನ ನೋಡು. ತಗೋ, ನನ್ನ ಪುಸ್ತಕದಾಗ ಆಡ್ಸು."

"ನನ್ನ ಆಟಗಾರ ಮಂದಿ ಪುಸ್ತಕದಾಗ ಬೆಳೆಯೂದು ಬ್ಯಾಡ," ಅಂದೆ.

ಹಾಗೆಂದಮೇಲೆ ಪುಸ್ತಕದ ಬೆನ್ನು ನಾನೇ ಪಳಗಿಸಬೇಕಾಯಿತು. ನಲವತ್ತೆರಡರಿಂದ ಹಿಡಿದು ಒಂದೊಂದೇ ಪುಟ ತೆರೆದು ಅಂಗೈಯಿಂದ ಒತ್ತುತ್ತ ಹೋದೆ. ತೆರೆದ ಪುಟವನ್ನು ಸುಮ್ಮನೆ ಒತ್ತಿ ಕೂಡಲು ಬೇಸರವಾಗಿ ಓದಿದೆ. ಹದಿನೈದು ದಿನ ಹಿಡಿಯಿತು. ಹತ್ತನೆಯ ಆಟದಲ್ಲಿ ಈರಣ್ಣ ಮೂವತ್ತೆರಡು ಹೊಡೆದ.

ಈಗ ನನಗೆ ಮಗ್ಗ ಎರಡು, ಸೈಕಲ್ಲು ಒಂದು. ಈರಣ್ಣನಿಗೆ ಮಾಫಿ ಆರು. ನಾನು ಪೂರ್ತಿ ಓದಿದ ಪುಸ್ತಕ ಒಂದು.