ಸಂಗನಬಸಪ್ಪನ ಜೆಲ್ಲಿಮೀನು ಕಾಳಗ

ಲವಣಜಲಸಾಮ್ರಾಜ್ಯದ ಅಧಿದೇವತೆಯೇ, ಕೇಳು! ದಸರೆ ರಜೆಯೆಂಬ ಪುಣ್ಯಕಾಲದಲ್ಲಿ, ಪಶ್ಚಿಮಾಂಬುಧಿಯ ತರಂಗಮಾಲೆಯು ಕಾರವಾರದ ಮರಳನ್ನು ಸಿಂಗರಿಸುತ್ತಿರಲು, ಗದಗ ಪಟ್ಟಣದ ವಸ್ತ್ರವ್ಯಾಪಾರಿಕುಲತಿಲಕನೂ ಗಿರಾಕಿಜನಮನೋಹರವಾಗ್ವಿಲಾಸನೂ ಆದ ಸಂಗನಬಸಪ್ಪನು ಜೆಲ್ಲಿಮೀನೆಂಬ ಮಹಾವೈರಿಯೊಡನೆ ಹೂಡಿದ ಘನಘೋರ ಸಂಗ್ರಾಮವನ್ನು ಹೇಳಲು ನನ್ನ ನಾಲಿಗೆಗೆ ಬಲ ಕೊಡು. ನಗು ತಡೆದುಕೊಳ್ಳುವ ಬಲವನ್ನೂ ಕೊಡು.

ಆ ವೀರನ ಧರ್ಮಪತ್ನಿ ನೀಲಮ್ಮನಿಗೆ ಲಗ್ನವಾದಂದಿನಿಂದ ಒಂದೇ ಆಸೆ: ಗಂಡನ ಕೈಹಿಡಿದು ಒಮ್ಮೆ ಸಮುದ್ರದಲ್ಲಿ ನಿಲ್ಲಬೇಕು. ವೀರನಿಗೋ ನೀರೆಂದರೆ ಎದೆ ಡವಡವ. ಕೆರೆಯ ಮೆಟ್ಟಿಲನ್ನೂ ಗೋಡೆ ಹಿಡಿದು ಇಳಿಯುವ ಧೈರ್ಯಶಾಲಿ. ಹೆಂಡತಿಯ ಮುಂದೆ ಅದನ್ನು ಒಪ್ಪಿಕೊಂಡರೆ ಮಾನ ಉಳಿದೀತೇ? ಹೀಗಿರಲಾಗಿ, ತೀರದ ಫಲಕದಲ್ಲಿ ‘ಜೆಲ್ಲಿಮೀನುಗಳಿವೆ, ಜೋಪಾನ’ ಎಂಬ ದೊಡ್ಡಕ್ಷರಗಳನ್ನು ಕಂಡದ್ದೇ ತಡ, ಅವನಿಗೆ ಹೋದ ಜೀವ ಬಂದಂತಾಯಿತು.

“ನಿಲ್ಲು, ನೀಲಾ!” ಎಂದು ಭುಜ ಕುಣಿಸಿ ಗರ್ಜಿಸಿದನು. “ಅಸ್ಥಿಹೀನನೂ ಶಿರೋವಿಹೀನನೂ ಸಹಸ್ರವಿಷತಂತುಧಾರಿಯೂ ಆದ ಖಳನು ಜಲದಲ್ಲಿ ಹೊಂಚಿರುವನು. ಈ ದೇಹದಲ್ಲಿ ಉಸಿರಿರುವ ತನಕ ನಮ್ಮ ಕಾಲ್ಬೆರಳೊಂದೂ ಒದ್ದೆಯಾಗದು!”

ಇದು ಕವಿಯ ಕಿವಿಗೆ ಬಿದ್ದ ಪರಿ. ನೀಲಮ್ಮನಿಗೆ ಕೇಳಿಸಿದ್ದು ಇಷ್ಟೇ: “ಬ್ಯಾಡ ಬಿಡ ನೀಲಾ, ನೀರಾಗ ಜೆಲ್ಲಿಮೀನ ಅದಾವಂತ.”

“ಮಂದಿ ಎಲ್ಲಾ ನೋಡಿಕೊಂತ ಇಳದಾರಲ್ರಿ?”

“ಮಂದಿಗೆ ಹುಚ್ಚ ಹಿಡದೈತಿ. ನಮಗೂ ಹಿಡೀಬೇಕೇನು?”

ನೀಲಮ್ಮ ಎತ್ತಿ ಹಿಡಿದಿದ್ದ ಸೀರೆಯ ನೆರಿಗೆಯನ್ನು ಕೈಬಿಟ್ಟಳು. ಅದನ್ನು ಕಂಡು ವೀರನ ಕರುಳು ಚುರ್ ಎಂದಿತು. ಆದರೂ ಶೂರನು ಆಡಿದ ಮಾತಿಗೆ ತಪ್ಪುವನೇ? ಹೊಸ ಚಪ್ಪಲಿಗೆ ಮರಳು ಹತ್ತೀತೆಂದು ಕಳಚಿಟ್ಟು, ಕೊಡೆಯೆಂಬ ಗದೆಯನ್ನು ಹೆಗಲಿಗೇರಿಸಿ, ತೆರೆ ಮುಟ್ಟದ ಮರಳಿನ ಮೇಲೆ ಅತ್ತಿಂದಿತ್ತ ಇತ್ತಿಂದತ್ತ ಗಸ್ತು ತಿರುಗತೊಡಗಿದನು.

ಆಗ ನಡೆಯಿತು ಅನಾಹುತ! ದಿಗ್ಗಜಗಳು ಬೆಚ್ಚುವಂತೆ, ದಡದ ನಾಯಿಗಳೆಲ್ಲ ಬೊಗಳುವಂತೆ, “ಅಯ್ಯಯ್ಯಪ್ಪೋ, ಸತ್ತೆ!” ಎಂಬ ಸಿಂಹನಾದವು ವೀರಕಂಠದಿಂದ ಹೊಮ್ಮಿತು. ನೀಲಮ್ಮ ಓಡಿ ಬಂದಳು. ಅವನ ಅಂಗಾಲಿನ ಕೆಳಗೆ ಸಂಡಿಗೆಯಷ್ಟು ಅಗಲದ ಒಂದು ಜೆಲ್ಲಿಮೀನು. ತೆರೆ ದಡಕ್ಕೆ ಎಸೆದುಹೋದ ಮೇಲೆ ಅದು ಯಾವಾಗಲೋ ಸತ್ತಿತ್ತು.

“ಸತ್ತದ್ದೂ ಕಡಿತೈತೇನು!” ಎಂದು ವೀರನು ಅಳುಮೋರೆ ಹಾಕಿ, ಕುಡಿಯುವ ನೀರಿನ ಬಾಟಲಿಯನ್ನು ಕಾಲಿಗೆ ಸುರಿಯಹೊರಟನು.

“ಸಿಹಿನೀರ ಹಾಕಬ್ಯಾಡ್ರಿ, ಉರಿ ಹೆಚ್ಚಾಗತೈತಿ. ಸಮುದ್ರದ ನೀರಾಗ ತೊಳೀರಿ ಅಂತ ಬೋರ್ಡಿನ್ಯಾಗ ಕೆಳಗ ಬರದಾರ. ಪೂರ್ತಿ ಓದಬೇಕಿಲ್ಲೇನು? ಬರ್ರಿ.”

“ನನಗ ನೀರಂದ್ರ ಅಂಜಿಕಿ, ನೀಲಾ.” ಇಷ್ಟು ವರ್ಷ ಅಡಗಿಸಿಟ್ಟಿದ್ದ ಮಾತು ಆ ಉರಿಯ ಭರದಲ್ಲಿ ಬಾಯಿಂದ ಜಾರಿಬಿತ್ತು.

“ಗೊತ್ತೈತ್ರಿ. ಕೈ ಹಿಡಕೋರಿ.”

ನೀಲಮ್ಮ ತಿಳಿನೀರಿನ ಮೇಲೆ ಒಮ್ಮೆ ಕಣ್ಣಾಡಿಸಿ ಮುಂದೆ ನಡೆದಳು. ಮಹಾರಥಿಯು ಕುಂಟುತ್ತ, ಆಕೆಯ ಕೈಯನ್ನು ಬಿಗಿಯಾಗಿ ಹಿಡಿದು ಪಶ್ಚಿಮಾಂಬುಧಿಯನ್ನು ಹೊಕ್ಕನು. ಅಂಬುಧಿಯ ಆಳ ಅಲ್ಲಿ ಹಿಮ್ಮಡಿಯ ತನಕ. ಪಕ್ಕದಲ್ಲೇ ಯಾರದೋ ಕೂಸು ಅದೇ ನೀರಿನಲ್ಲಿ ಕುಂಡಿಯೂರಿ ಕೂತು ಮರಳು ತಿನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಕಾಲಿನ ಉರಿ ಆರಿತು.

“ಇನ್ನೂ ಉರಿತೈತೇನ್ರಿ?” ನೀಲಮ್ಮ ಕೇಳಿದಳು.

“ಹೂಂ, ಭಾಳ,” ಎಂದು ಸಂಗನಬಸಪ್ಪ ಸುಳ್ಳು ಹೇಳಿದನು.