ಹಳದಿ ಪಟ್ಟಿಯ ಕೂಸು, ತೂಕದ ಕಾಕಾ

ಮೊದಲೇ ಆಣೆ ಮಾಡಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೈಲಹೊಂಗಲದ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಹತ್ತಿ, ಶೇಂಗಾ ತೂಗಿದ ಮನುಷ್ಯ ನಾನು. ಚೀಲ ನೋಡಿಯೇ ತೂಕ ಹೇಳುತ್ತಿದ್ದೆ. ತಕ್ಕಡಿ ನಾಚಿಕೊಂಡು ನನ್ನ ಮಾತಿಗೆ ಬರುತ್ತಿತ್ತು. ಅಂಥವನ ಮನೆಯಲ್ಲೇ ಒಂದು ಕೂಸಿನ ತೂಕಕ್ಕಾಗಿ ತಿಂಗಳಿಗೊಂದು ಫಜೀತಿ ನಡೆಯುತ್ತದೆ ಅಂದರೆ ಯಾರು ನಂಬಬೇಕು? ಕೂಸು ನನ್ನ ಅಣ್ಣನ ಮೊಮ್ಮಗಳು, ಎರಡು ವರ್ಷದವಳು. ಸಂಬಂಧದಲ್ಲಿ ನಾನು ಅಜ್ಜ. ಆದರೆ ನಮ್ಮೂರು ನೇಸರಗಿಗೆಲ್ಲ ಕಾಕಾ ಆದವನು ಆಕೆಗೂ ಕಾಕಾನೇ.

ಕಿವಿಯೊಳಗಿನ ತೂಕ

ಪ್ರತಿ ತಿಂಗಳು ಅಂಗನವಾಡಿಯಲ್ಲಿ ಕೂಸುಗಳನ್ನು ತೂಗಿ ಕಾರ್ಡಿನಲ್ಲಿ ಗೆರೆ ಎಳೆಯುತ್ತಾರೆ. ಗೆರೆ ಹಸಿರು ಪಟ್ಟಿಯಲ್ಲಿದ್ದರೆ ನಿಶ್ಚಿಂತೆ, ಹಳದಿಗೆ ಇಳಿದರೆ ಚಿಂತೆ. ಕೂಸಿನ ಅಜ್ಜಿ, ಅಂದರೆ ಅಣ್ಣನ ಹೆಂಡತಿ, ನಮ್ಮ ವೈನಿ, ಟೀಚರಿಗೆ ಮೊದಲೇ ತಾಕೀತು ಮಾಡಿದರು.

"ತೂಕ ಜೋರಂಗ ಹೇಳಬ್ಯಾಡ್ರಿ ಅಕ್ಕೋರ, ಮಂದಿ ದೃಷ್ಟಿ ಬೀಳತೈತಿ. ನನ್ನ ಕಿವ್ಯಾಗ ಅಷ್ಟ ಹೇಳ್ರಿ."

ಟೀಚರ್ ಕಿವಿಯಲ್ಲಿ ಹೇಳಿದರು. "ಆಂ?" ಅಂದರು ವೈನಿ. ಇನ್ನೊಮ್ಮೆ ಹೇಳಿದರು. "ಆಂ?" ವೈನಿಗೆ ಕಿವಿ ಮಂದ ಅನ್ನುವ ಗುಟ್ಟನ್ನು ಟೀಚರಿಗೆ ಯಾರೂ ಹೇಳಿರಲಿಲ್ಲ. ಮೂರನೇ ಸಲ ಪಾಪ ಹೇಗೆ ಕೂಗಿದರೆಂದರೆ, ಬಸ್ ಸ್ಟ್ಯಾಂಡಿನಲ್ಲಿ ಬೆಳಗಾವಿ ಬಸ್ಸಿಗೆ ನಿಂತವನೊಬ್ಬ ನನ್ನನ್ನು ಕಂಡು, "ಒಂಬತ್ತೂವರಿ ಕೆಜಿ ಅಂತಲ್ರಿ ಕಾಕಾ, ಛಲೋ ಆತ ಬಿಡ್ರಿ" ಅಂದ.

ಚೀಲದ ಸಮೇತ

ಮುಂದಿನ ತಿಂಗಳು ಟೀಚರ್ ಹಟ ಹಿಡಿದು, ಕೂಸಿನ ಮೈಮೇಲಿನದನ್ನೆಲ್ಲ ಬಿಚ್ಚಿಸಿ ತೂಗಿದರು. ಗೆರೆ ದಬಕ್ಕನೆ ಹಳದಿಗೆ ಬಿತ್ತು. ಕೂಸಿನ ತಾಯಿ, ನಮ್ಮ ಸೊಸಿ, ಕಾರ್ಡು ಹಿಡಿದುಕೊಂಡು ಕಣ್ಣೀರಿಟ್ಟಳು. ನಾನು ಅನುಭವಸ್ಥ, ಸುಮ್ಮನಿರಲಾದೀತೇ?

"ವೈನಿ, ಹಿಂದಿನ ತಿಂಗಳ ಕೂಸಿನ ಮೈಮ್ಯಾಲ ಏನೇನ ಇತ್ತು?"

ವೈನಿ ಹೆಮ್ಮೆಯಿಂದ ಎಣಿಸಿದರು. ಬೆಳ್ಳಿ ಉಡಿದಾರ, ಕಾಲಗಡಗ, ಗೆಜ್ಜೆ, ಸ್ವೆಟರ್, ಉಣ್ಣೆ ಟೋಪಿ, ಬೂಟು.

"ನಾಕ ಮಂದ್ಯಾಗ ಒಯ್ಯೂಮುಂದ ಹಂಗ ಬರಿಮೈಲೆ ಒಯ್ಯಾಕ ಬರತೈತೇನು?"

"ನಾವು ಮಾರ್ಕೆಟ್‌ನ್ಯಾಗ ಚೀಲದ ತೂಕ ಕಳೀತೀವಿ. ನೀವು ಚೀಲದ ಸಮೇತ ತೂಗಿಸಿಕೊಂಡ ಬಂದೀರಿ!"

ಅಂದರೆ ಹಿಂದಿನ ತಿಂಗಳು ಹಸಿರು ಪಟ್ಟಿಯಲ್ಲಿ ಕುಳಿತಿದ್ದು ನಮ್ಮ ಕೂಸಲ್ಲ, ಅಕ್ಕಸಾಲಿಗನ ಕೆಲಸ.

ಹಿತ್ತಲ ಒಲೆ

"ದಿನಾ ಒಂದ ತತ್ತಿ ಕೊಡ್ರಿ," ಅಂದರು ಟೀಚರ್. "ಮಾತೂ ತಡ ಆಗ್ಯಾವು. ಎರಡ ವರ್ಷಕ್ಕ ಎರಡ ಮಾತ ಕೂಡಿಸಿ ಹೇಳಬೇಕು. ಮುಂದಿನ ತಿಂಗಳ ಡಾಕ್ಟರಿಗೆ ತೋರಸೂಣು."

ನಮ್ಮದು ತತ್ತಿ, ಅಂದರೆ ಮೊಟ್ಟೆ, ಮುಟ್ಟದ ಮನೆ. "ನನ್ನ ಒಲಿ ಮ್ಯಾಲ ಅದು ಬರೂಹಂಗಿಲ್ಲ" ಅಂದುಬಿಟ್ಟರು ವೈನಿ. ಸೊಸಿ ನನ್ನ ಮುಖ ನೋಡಿದಳು. ನಾನು ಎದೆ ತಟ್ಟಿಕೊಂಡೆ.

"ಹಿತ್ತಲದಾಗ ಮೂರ ಕಲ್ಲ ಹೂಡಿ ನಾನ ಕುದಿಸ್ತೇನಿ, ನಾನ ತಿನಸ್ತೇನಿ."

ಮನೆತನಕ್ಕಾಗಿ ಇಂಥ ತ್ಯಾಗ ಮಾಡಿದವನು ಈ ತಾಲೂಕಿನಲ್ಲಿ ಇನ್ನೊಬ್ಬನಿದ್ದರೆ ತೋರಿಸಿರಿ. ಆದರೂ ತಿಂಗಳ ಕೊನೆಗೆ ತೂಕ ಕೂತಲ್ಲಿಂದ ಏಳಲಿಲ್ಲ. ಎಲ್ಲರೂ ನನ್ನತ್ತ ನೋಡಿದರು. "ಈಗಿನ ತತ್ತಿ ಎಲ್ಲಾ ಜೊಳ್ಳ" ಅಂದೆ.

ಮೂರು ಮಾತು

ದವಾಖಾನೆಗೆ ಮನೆಯೆಲ್ಲ ಹೊರಟಿತು. ಡಾಕ್ಟರಮ್ಮ "ಮೂಗೆಲ್ಲೈತಿ?" ಅಂದರು. ಕೂಸು ನನ್ನ ಮೂಗು ಹಿಡಿದು ತಿರುವಿತು. ಅದರಲ್ಲಿ ಪಾಸು. "ಏನರೆ ಮಾತಾಡು ನೋಡೂಣು" ಅಂದರು. ಕೂಸು ಗಪ್‌ಚಿಪ್.

"ಮಾತೂ ಇಲ್ಲ, ತೂಕಾನೂ ಏರಿಲ್ಲ. ಬೆಳಗಾವಿಗೆ ಕಳಿಸಬೇಕಾಕ್ಕೈತಿ," ಅಂದರು ಡಾಕ್ಟರಮ್ಮ. ಸೊಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಲ್ಲಾ, ದಿನಾ ಏನ ತಿನಸ್ತೀರಿ?" ಅಂತ ಕೇಳಿದರು ಡಾಕ್ಟರಮ್ಮ.

ನಾನು ಮುಂದೆ ಬಂದೆ. "ದಿನಾ ಒಂದ ತತ್ತಿ ರೀ. ನನ್ನ ಕೈಯಾರೆ. ಕೂಸು ನಕ್ಕೋತ ತಿಂತೈತಿ."

ಕೂಸು ತಾಯಿಯ ತೊಡೆಯ ಮೇಲೆ ಎದ್ದು ನಿಂತಿತು. ಬೆರಳನ್ನು ನೇರ ನನ್ನ ಮೂಗಿಗೆ ಗುರಿಯಿಟ್ಟಿತು.

"ತತ್ತಿ ಕಾಕಾ ತಿಂದ!"

ಡಾಕ್ಟರಮ್ಮ ಪೆನ್ನು ಎತ್ತಿದರು. "ಎರಡ ಮಾತ ಕೇಳಿದ್ರ ಮೂರ ಹೇಳಿದ್ಲು. ಮಾತಿನ್ಯಾಗ ಪಾಸ್. ತೂಕ ಯಾಕ ಏರಿಲ್ಲ ಅನ್ನೂದನ್ನೂ ಆಕೀನ ಹೇಳಿದ್ಲು. ಬೆಳಗಾವಿ ಬ್ಯಾಡ, ಕಾಕಾನ್ನ ದೂರ ಇಡ್ರಿ ಸಾಕು."

ಸೊಸಿ ಅಳುತ್ತಲೇ ನಕ್ಕಳು. ಕಿವಿ ಮಂದದ ನಮ್ಮ ವೈನಿಗೆ ಕೂಸಿನ ಅದೊಂದು ಮಾತು ಮಾತ್ರ ಸ್ಪಷ್ಟ ಕೇಳಿಸಿತ್ತು. "ನಮ್ಮ ಮನ್ಯಾಗ ಹುಟ್ಟಿ ತತ್ತಿ ತಿಂದೇನೋ ಭಾಡ್ಯಾ!"

"ಉಪ್ಪ ನೋಡಾಕ ಒಂದ ತುಣುಕ ಅಷ್ಟ ವೈನಿ..."

ಮರುದಿನದಿಂದ ವೈನಿಯೇ ಮೂಗಿಗೆ ಸೆರಗು ಹಿಡಿದು ಹಿತ್ತಲ ಒಲೆಯ ಮುಂದೆ ಕುಳಿತರು. ಕೆಲವೇ ತಿಂಗಳಲ್ಲಿ ಗೆರೆ ಹಸಿರಿಗೆ ಏರಿತು, ಅದೂ ಉಡಿದಾರ ಬಿಚ್ಚಿಟ್ಟು ತೂಗಿಸಿ.

ಆಣೆ ಮಾಡಿದ್ದೇನೆಂದು ಒಂದು ಸಣ್ಣ ತಿದ್ದುಪಡಿ. ಆ ಉಪ್ಪಿನ ಸಂಗತಿ ನಾನು ಕಟ್ಟಿದ್ದು. ನಾನು ತತ್ತಿಯನ್ನು ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದೆ.