ಮಧ್ಯಾಹ್ನದ ಹೆಚ್ಚುವರಿ ಕರೆಂಟು

ಕರೆಂಟು ಕಮ್ಮಿ ಎಂದು ದೂರುವವನ ಜೊತೆ ಊರೇ ನಿಲ್ಲುತ್ತದೆ. ಜಾಸ್ತಿ ಎಂದು ದೂರುವವನನ್ನು ಮನೆಯವರೂ ನಂಬುವುದಿಲ್ಲ. ಕೆ.ಆರ್. ಪೇಟೆಯ ವರದಿಗಾರನಾಗಿ ವೋಲ್ಟೇಜ್ ಇಲ್ಲದೆ ಪಂಪ್‌ಸೆಟ್ ನಿಂತ ಸುದ್ದಿಯನ್ನು ಎಷ್ಟೋ ಸಲ ಬರೆದಿದ್ದೇನೆ. ವೋಲ್ಟೇಜ್ ಹೆಚ್ಚಾಗಿ ನನ್ನ ಮನೆಯಲ್ಲೇ ಕೆಲಸ ಕೆಟ್ಟಾಗ ಬರೆಯಲು ಧೈರ್ಯ ಬರಲಿಲ್ಲ.

ಅಕ್ಕಿಹೆಬ್ಬಾಳಿನ ನಮ್ಮ ತಾರಸಿಗೆ ಸೋಲಾರ್ ಹಾಕಿಸಲು ನನ್ನ ಹೆಂಡತಿ ಜಯಮ್ಮ ಸಂಡಿಗೆ ಒಣಗಿಸುವ ಜಾಗ ಬಿಟ್ಟುಕೊಟ್ಟಿದ್ದಳು. ನಮ್ಮನ್ನು ನೋಡಿ ಬೀದಿಯ ಇನ್ನೂ ಕೆಲವರು ಹಾಕಿಸಿದರು. ಅಲ್ಲಿಂದಾಚೆಗೆ, ಬಿಸಿಲು ನೆತ್ತಿಗೆ ಬಂದ ಕೂಡಲೇ, ಸೋಲಾರ್ ಕರೆಂಟನ್ನು ಲೈನಿಗೆ ಕಳಿಸುವ ನಮ್ಮ ಇನ್ವರ್ಟರ್ ಕೆಂಪು ದೀಪ ಹೊತ್ತಿಸಿ ಕೆಲಸ ನಿಲ್ಲಿಸತೊಡಗಿತು. ಮೋಡ ಕವಿದರೆ ದುಡಿಯುತ್ತಿತ್ತು. ಸೋಲಾರ್ ಹಾಕಿದವನಿಗೆ ಫೋನು ಮಾಡಿದೆ. "ಮಧ್ಯಾಹ್ನ ಎಲ್ಲಾರ ಮನೆ ಕರೆಂಟೂ ಒಂದೇ ಟ್ರಾನ್ಸ್‌ಫಾರ್ಮರ್ ಕಡೆ ನುಗ್ತದೆ ಸಾರ್, ಬೀದೀಲಿ ಬಳಸೋರಿಲ್ಲ. ವೋಲ್ಟೇಜ್ ಏರಿದ್ರೆ ಅದು ತಾನಾಗೇ ಆಫ್ ಆಯ್ತದೆ. ಯಾರಾದ್ರೂ ಖರ್ಚು ಮಾಡ್ಬೇಕು" ಎಂದ. ದೊಡ್ಡ ಟ್ರಾನ್ಸ್‌ಫಾರ್ಮರ್ ಕೇಳಿ ಕರೆಂಟು ಆಫೀಸಿಗೆ ಅರ್ಜಿ ಕೊಟ್ಟೆ. ನೋಡೋಣ ಎಂದಿದ್ದಾರೆ.

ಜಯಮ್ಮ ನೋಡೋಣ ಎನ್ನಲಿಲ್ಲ. "ಬಿಸ್ಲಲ್ಲಿ ಕೆಲ್ಸ ಮಾಡ್ದಿರೋ ಸೋಲಾರು ಯಾವ ಸೀಮೇದು? ಈ ತಿಂಗ್ಳು ಸರಿಯಾಗ್ಲಿಲ್ಲ ಅಂದ್ರೆ ಕೆಳಗಿಳ್ಸಿ. ನನ್ ತಾರ್ಸಿ ನಂಗೆ ಕೊಡಿ."

ಹೀಗೆ ನಾನು ಕರೆಂಟು ಉರಿಸಿ ಎಂದು ಬೇಡಲು ಹೊರಟೆ. ದೀಪ ಆರಿಸಿ ಎಂದು ಮಕ್ಕಳ ಮೇಲೆ ರೇಗುತ್ತಲೇ ವಯಸ್ಸಾದವನಿಗೆ ಇದು ಸುಲಭವಲ್ಲ. ಎದುರುಮನೆಯವರಿಗೆ ಗ್ರೈಂಡರ್ ಹಾಕಿ ಎಂದೆ. ಊಟವಾದ ಮೇಲೆ ಏನು ರುಬ್ಬಬೇಕು ಎಂದು ಕೇಳಿದರು. ಉಳಿದವರು ನಮ್ಮ ಬೀದಿಯ ಬಡಗಿ ನಂಜುಂಡಾಚಾರ್ರು. ಅವರ ಮರ ಕೊಯ್ಯುವ ಯಂತ್ರ ಬೆಳಿಗ್ಗೆ ದುಡಿದು, ಮಧ್ಯಾಹ್ನ ಆಚಾರ್ರ ಜೊತೆಯಲ್ಲೇ ಮಲಗುತ್ತಿತ್ತು.

"ಆಚಾರ್ರೇ, ಮಧ್ಯಾಹ್ನ ಮಿಷನ್ ಓಡ್ಸಿ."

"ಉಂಡು ಒಂದ್ ಗಳಿಗೆ ಕಣ್ಮುಚ್ಚೋದೂ ನಿಮ್ ಕಣ್ಗೆ ಬಿತ್ತಾ ಗೌಡ್ರೇ?"

"ವೋಲ್ಟೇಜ್ ಜಾಸ್ತಿ ಆಗ್ಬುಟ್ಟದೆ."

"ಅದ್ಕೆ ನನ್ ನಿದ್ದೆ ಕಮ್ಮಿ ಆಗ್ಬೇಕಾ? ಆಯ್ತು ಬುಡಿ. ಕೊಯ್ಯಕೆ ಏನಾರ ಕೆಲ್ಸ ಕೊಡಿ. ಸುಮ್ಕೆ ಗಾಳಿ ಕೊಯ್ಯಕಾಯ್ತದಾ?"

ಮೊದಲು ಒಂದು ಮಣೆ ಮಾಡಿಸಿದೆ. ಆಮೇಲೆ ಸ್ಟೂಲು, ಪುಸ್ತಕದ ಕಪಾಟು, ಇನ್ನೊಂದು ಮಣೆ. ಯಂತ್ರ ಓಡಿದಷ್ಟು ಹೊತ್ತೂ ಇನ್ವರ್ಟರಿನ ದೀಪ ಹಸಿರಾಗಿತ್ತು. ತಿಂಗಳು ಕಳೆದರೂ ಜಯಮ್ಮ ತಾರಸಿಯ ಮಾತೆತ್ತಲಿಲ್ಲ. ಈ ಮಣೆ ಎಲ್ಲಿಡಲಿ ಎಂದಷ್ಟೇ ಕೇಳಿದಳು. ಬೀದಿಯವರು ಮಾತ್ರ, ಉಂಡು ಮಲಗುವ ಹೊತ್ತಿನಲ್ಲಿ ಇದೇನು ಸದ್ದು ಎಂದು ಆಚಾರ್ರನ್ನು ವಿಚಾರಿಸಿದರು. ಆಚಾರ್ರು ಯಾರ ಹೆಸರನ್ನೂ ಹೇಳಲಿಲ್ಲವಂತೆ. ನಮ್ಮ ಮನೆ ತೋರಿಸಿದರಂತೆ.

ಊಟವಾದ ಮೇಲೆ ಮಲಗುವ ಅಭ್ಯಾಸ ನನಗೂ ಇದೆ. ಮೊದಮೊದಲು ಆ ಸದ್ದಿಗೆ ನಿದ್ದೆ ಹತ್ತುತ್ತಿರಲಿಲ್ಲ. ಈಗ ಯಂತ್ರ ಕಿರುಚುತ್ತಿರುವಷ್ಟು ಹೊತ್ತೂ ಗೊರಕೆ ಹೊಡೆಯುತ್ತೇನಂತೆ. ಸದ್ದು ನಿಂತರೆ ಎಚ್ಚರವಾಗುತ್ತದೆ. ಎದ್ದು, ಇನ್ನೇನು ಮಾಡಿಸಬಹುದೆಂದು ಮನೆಯೆಲ್ಲ ನೋಡುತ್ತೇನೆ.